ಬೀಗರ ಎದುರು ಎದ್ದು ನಿಂತ ಬೆನ್ನು

ಬಿಳಿ ಬಣ್ಣ ಬಳಿಯದೆ ರಸ್ತೆಗೆ ಉಬ್ಬು ಹಾಕಿಸಿದವರೇ, ನೋವೆಂದು ಮರಳಿ ಬಂದವಳಿಗೆ ಹಳೆಯ ಎಕ್ಸ್‌ರೇಯನ್ನೇ ಬೆಳಕಿಗೆ ಹಿಡಿದು ತೋರಿಸಿದ ಮೊದಲ ಆಸ್ಪತ್ರೆಯವರೇ, ನನ್ನ ಆಯಿಯ ಬೆನ್ನೆಲುಬು ಕುಸಿದದ್ದಕ್ಕೆ ನೀವೇ ಹೊಣೆ.

ಆಯಿ ನನ್ನ ಅಪ್ಪನ ತಾಯಿ. ಬನಹಟ್ಟಿಯಿಂದ ಹಿಪ್ಪರಗಿಗೆ ತನ್ನ ಕಿರಿಮಗನಾದ ನನ್ನ ಕಾಕಾನ ಬೈಕಿನಲ್ಲಿ ಹೊರಟಿದ್ದಳು. ಕಬ್ಬಿನ ಟ್ರ್ಯಾಕ್ಟರ್ ದಾಟಿದೊಡನೆ ಕಾಣದ ಉಬ್ಬು ಎದುರಾಯಿತು. ಆಯಿ ಸೀಟಿನಿಂದ ಮೇಲಕ್ಕೆ ಹಾರಿ ಅದೇ ಸೀಟಿನ ಮೇಲೆ ಕುಕ್ಕರಿಸಿದಳು. ಕೆಳಗೆ ಬೀಳಲಿಲ್ಲವೆಂಬುದೇ ಎಲ್ಲರ ಸಮಾಧಾನ. ಆಸ್ಪತ್ರೆಯಲ್ಲಿ ಮಲಗಿಸಿ ಎಕ್ಸ್‌ರೇ ತೆಗೆದರು. ಏನೂ ಆಗಿಲ್ಲ ಎಂದರು.

ಕೆಲವು ವಾರಗಳ ನಂತರ ವಿಚಿತ್ರ ಶುರುವಾಯಿತು. ಮಲಗಿದರೆ ಆಯಿ ಮಹಾರಾಣಿ, ನಿಂತರೆ ಚೀರಾಟ. ಮತ್ತೆ ಅಲ್ಲಿಗೇ ಹೋದೆವು. ಹಳೆಯ ಚಿತ್ರ ನೋಡಿ, ವಯಸ್ಸಾಯಿತೆಂದು ಬೆಲ್ಟ್ ಕಟ್ಟಿ ಕಳಿಸಿದರು. ಬೆಲ್ಟೂ ಸೋತಿತು.

"ಅವ್ವಾ, ರೊಟ್ಟಿ ಬಡಿಯೂದಂದ್ರ ಸಾಕು, ನಿನಗ ಬ್ಯಾನಿ ಬರತೈತಿ ನೋಡ," ಎಂದು ಕಾಕಾ ಛೇಡಿಸಿದ.

"ನೀನ ಬಡೀಲೇ. ನಾ ಮಲಕೊಂಡ ತಿಂತೀನಿ."

ಕೊನೆಗೆ ಜಮಖಂಡಿಯ ಎಲುಬಿನ ಡಾಕ್ಟರ ಬಳಿ ಕರೆದೊಯ್ದೆವು. ಅಲ್ಲಿಯೂ ಆಯಿ ಮಲಗಿಕೊಂಡು, "ಛಲೋ ಅದೀನ್ರಿ" ಎನ್ನುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಬೀಳಗಿಯ ಬೀಗರು, ಅಂದರೆ ನನ್ನ ತಾಯಿಯ ತಂದೆ, ಬಾಳೆಹಣ್ಣು ಹಿಡಿದು ಪ್ರತ್ಯಕ್ಷರಾದರು. ಬೀಗರ ಎದುರು ಹೆಂಗಸರು ಮಲಗಿರುವುದು ನಮ್ಮಲ್ಲಿ ಊಹೆಗೂ ನಿಲುಕದ ಅಪಚಾರ. ಆಯಿ ತಲೆಗೆ ಸೆರಗೆಳೆದು ಎದ್ದೇಬಿಟ್ಟಳು. ಅರ್ಧ ನಿಲ್ಲುವಷ್ಟರಲ್ಲಿ ಕೂಗಿದ ಕೂಗಿಗೆ ಬಾಳೆಹಣ್ಣು ಬೀಗರ ಕೈಯಿಂದ ಜಾರಿತು.

ಡಾಕ್ಟರು ತಟ್ಟನೆ ತಿರುಗಿ, "ಇವರನ್ನ ನಿಲ್ಲಿಸಿ ಎಕ್ಸ್‌ರೇ ತಗೀರಿ," ಎಂದರು.

ನಿಂತ ಚಿತ್ರದಲ್ಲಿ ಒಂದು ಎಲುಬು ಚಪ್ಪಟೆಯಾಗಿತ್ತು. ಆಗಲೇ ಮಲಗಿಸಿ ತೆಗೆದ ಇನ್ನೊಂದು ಹೊಸ ಚಿತ್ರದಲ್ಲಿ ಅದೇ ಎಲುಬಿನೊಳಗೆ ಬಿರುಕು ಬಾಯ್ದೆರೆದಿತ್ತು. ಪೆಟ್ಟು ಬಿದ್ದದ್ದು ಉಬ್ಬು ಹಾರಿದ ದಿನವೇ. ಆಮೇಲೆ ರಕ್ತ ಸರಿಯಾಗಿ ಸಿಗದೆ ಒಳಗೊಳಗೇ ಟೊಳ್ಳಾಗಿ ಕುಸಿದಿತ್ತು. ಸೂಜಿಯಿಂದ ಸಿಮೆಂಟು ತುಂಬುವ ಆಪರೇಷನ್ ಮಾಡಬಹುದು, ಆದರೆ ಸಿಮೆಂಟು ನರಗಳತ್ತ ಸೋರುವ ಅಪಾಯವೂ ಉಂಟು ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು.

"ಈ ವಯಸ್ಸಿನಾಗ ಯಾಕ್ರಿ ಬೀಗತಿ? ಆರಾಮ ಮಲಕೋರಿ," ಎಂದರು ಬೀಗರು.

"ಮಲಕೊಂಡ್ರ ನೀವು ಬಂದಾಗ ಏಳೂದ ಹೆಂಗ್ರಿ? ಡಾಕ್ಟರ್ರ, ಮಾಡ್ರಿ. ಸಿಮೆಂಟಿಗೆ ದಿನಾ ನೀರ ಹೊಡೀಬೇಕೇನ್ರಿ?"

"ಬ್ಯಾಡ್ರಿ. ನೀರಿನ ಕೊಡ ಮಾತ್ರ ಎತ್ತಬ್ಯಾಡ್ರಿ."

ಆಪರೇಷನ್ನಿನ ನಂತರ ಬೆನ್ನು ಪೂರ್ತಿ ನೆಟ್ಟಗಾಗಲಿಲ್ಲ. ಆದರೂ ಆಯಿ ಬೀಗರನ್ನು ಕೋಣೆಯಿಂದ ಹೊರಗೆ ಕಳಿಸಿ, ಮತ್ತೆ ಒಳಗೆ ಕರೆಸಿ, ಚೀರದೆ ಎದ್ದು ನಿಂತು ತೋರಿಸಿದಳು.

ರೋಗ ಪತ್ತೆಗೆ ಪ್ರತಿಸಲವೂ ಬೀಗರನ್ನು ಕರೆತರಲು ಊರಿನವರಿಗೆ ಸಾಧ್ಯವಿಲ್ಲ. ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ: ಗುರುತಿಲ್ಲದ ಆ ಉಬ್ಬಿಗೆ ಅನುಮತಿ ಕೊಟ್ಟವರು ಯಾರು? ನಿಂತರೆ ನೋವೆಂದು ಅತ್ತವಳನ್ನು ಒಮ್ಮೆಯೂ ನಿಲ್ಲಿಸಿ ಪರೀಕ್ಷಿಸಲಿಲ್ಲವೇಕೆ? ಎರಡಕ್ಕೂ ಲಿಖಿತ ಉತ್ತರ ಕೊಡಿ. ಉಬ್ಬಿಗೆ ಬಣ್ಣ ಬಳಿಯಿರಿ; ಪೆಟ್ಟು ತಿಂದ ಹಿರಿಯರು ನೋವೆಂದು ಮರಳಿ ಬಂದಾಗ ನಿಲ್ಲಿಸಿ ಹೊಸ ಚಿತ್ರ ತೆಗೆಯುವಂತೆ ಆದೇಶಿಸಿ.