ರೊಟ್ಟಿ ಬಡಿದರೆ ವ್ಯಾಯಾಮವಂತೆ!

ಕೈಗೆ ಕಟ್ಟಿಕೊಂಡರೆ ಹೆಜ್ಜೆ ಎಣಿಸುವ ಆ ವಾಚನ್ನು ಕಂಡುಹಿಡಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ನನ್ನ ಅಡುಗೆಮನೆಗೆ ಕರೆತಂದು, ಪರಾತದ ತುಂಬ ಜೋಳದ ಹಿಟ್ಟು ಮುಂದಿಟ್ಟು, ಬಡಿಯಪ್ಪಾ ಬಡಿ ಎನ್ನುತ್ತೇನೆ. ಸಂಜೆಗೆ ಅವನ ಭುಜ ಏನು ಹೇಳುತ್ತದೋ ಕೇಳೋಣ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಈ ಹೆಂಗಸಿಗೆ ಸಿಟ್ಟಿನ ಹುಚ್ಚು ಎಂದುಕೊಳ್ಳುತ್ತೀರಿ. ನಾವು ಬಾಗಲಕೋಟೆ ಕಡೆಯವರು. ಮನೆ ಮೆಹದಿಪಟ್ಟಣದಲ್ಲಿ, ನನ್ನ ಯಜಮಾನರ ಬೇಳೆಕಾಳಿನ ಸಗಟು ಅಂಗಡಿ ಬೇಗಂ ಬಜಾರಿನಲ್ಲಿ. ಹೈದರಾಬಾದಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಅವರಿಗೆ ಎರಡೂ ಹೊತ್ತು ಬಿಸಿ ರೊಟ್ಟಿ ಬೇಕು, ಅದೂ ಮನೆಯಲ್ಲೇ ಬಡಿದದ್ದು. ಬಡಿದು ಬಡಿದು ನನ್ನ ಬಲಭುಜ ಹಿಡಿದುಕೊಂಡಿತು. ಡಾಕ್ಟರಮ್ಮ ನನ್ನ ಕೈಯನ್ನು ಎತ್ತಿಸಿ, ತಿರುಗಿಸಿ ನೋಡಿ, ತೆಲುಗಿನಲ್ಲಿ ಚೆನ್ನಾಗಿ ಗದರಿದರು. ರೊಟ್ಟಿ ಕಡಿಮೆ ಮಾಡಬೇಕು, ದಿನಾ ಭುಜದ ವ್ಯಾಯಾಮ ಮಾಡಬೇಕು, ಬಿಟ್ಟರೆ ಕೀಲು ಬಿಗಿದುಹೋಗುತ್ತದೆ ಎಂದರು. ಯಜಮಾನರು ಪಕ್ಕದ ಕುರ್ಚಿಯಲ್ಲೇ ಕೂತು ತಲೆಯಾಡಿಸುತ್ತಿದ್ದರು.

ಮಗಳು ನನ್ನ ಫೋನಿಗೆ ಒಂದು ವ್ಯಾಯಾಮದ ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಒಬ್ಬಳು ಹುಡುಗಿ ಹಿಂದಿಯಲ್ಲಿ ಮಾತಾಡುತ್ತ, ಕೈ ಎತ್ತಿ, ಇಳಿಸಿ, ಉಸಿರು ಬಿಡಿ ಎನ್ನುತ್ತಾಳೆ. ಬೆರಳುಗಳನ್ನು ಗೋಡೆಯ ಮೇಲೆ ಇರುವೆಯ ಹಾಗೆ ಹತ್ತಿಸಬೇಕು. ನೆಲದ ಮೇಲೆ ಅಂಗಾತ ಮಲಗಿ ಕೋಲು ಹಿಡಿದು ತೋಳನ್ನು ತಲೆಯ ಹಿಂದಕ್ಕೆ ಒಯ್ಯಬೇಕು. ಇದನ್ನೆಲ್ಲ ನಡುಮನೆಯಲ್ಲಿ ಅತ್ತೆಯ ಎದುರು ಮಾಡಲಾದೀತೇ? ಬೆಳಿಗ್ಗೆ ಅರ್ಧ ಗಂಟೆ ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದೆ.

ಅಯ್ಯೋ, ಆ ಬಾಗಿಲು ಎಷ್ಟು ಜನರ ಕಣ್ಣು ಚುಚ್ಚಿತು!

"ಹಾಡಹಗಲ ಬಾಗಲಾ ಹಾಕ್ಕೊಂಡು ಏನ್ ಮಾಡ್ತಾಳಾಕಿ?" ಎಂದು ಅತ್ತೆ ಮಗನನ್ನು ಕೇಳಿದರು. ನನಗೂ ಕೇಳಿಸಲಿ ಎಂದೇ ಕೇಳಿದ್ದು. ಯಜಮಾನರಿಗೆ ಸರಿಯಾಗಿ ಅದೇ ಹೊತ್ತಿನಲ್ಲಿ ಟವೆಲ್ಲು ಕಾಣುತ್ತಿರಲಿಲ್ಲ, ಚಹಾ ನೆನಪಾಗುತ್ತಿತ್ತು. ನಾನು ತೆರೆಯುತ್ತಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಯಾರು ಕರೆದರೂ ನಾನು ಏಳದ ಅರ್ಧ ಗಂಟೆ ಅಂತ ಸಿಕ್ಕಿದ್ದು ಅದೊಂದೇ. ಕೈಯೂ ಸುಧಾರಿಸುತ್ತಿತ್ತು. ಬಲಮಗ್ಗುಲಿಗೆ ಮಲಗಿ ನಿದ್ದೆ ಮಾಡುವಷ್ಟಾಗಿದ್ದೆ.

ಆಗ ಬಂತು ವಾಚು. ಯಜಮಾನರು ಪ್ರೀತಿಯಿಂದಲೇ ತಂದರು, ಸುಳ್ಳು ಯಾಕೆ ಹೇಳಲಿ. ನನ್ನ ಫೋನು ಹಳೆಯದು, ಅದಕ್ಕೆ ಜೋಡಿಯಾಗಲಿಲ್ಲ. ತಮ್ಮ ಫೋನಿಗೇ ಜೋಡಿಸಿಕೊಂಡರು. ಎಡಗೈಗೆ ಕಟ್ಟಿಕೊಳ್ಳಲು ಹೋದೆ. "ಹೆಣ್ಮಕ್ಳು ವಾಚ್ ಬಲಗೈಗೇ ಕಟ್ಕೋಬೇಕವಾ" ಎಂದರು ಅತ್ತೆ. ನಮ್ಮಲ್ಲಿ ಹಾಗೇ ರೂಢಿ, ಬಲಗೈಗೇ ಕಟ್ಟಿಕೊಂಡೆ. ಅದೇ ಕೈಯಿಂದ ತಾನೇ ರೊಟ್ಟಿ ಬಡಿಯುವುದು? ಆ ಮಂಕು ವಾಚು ಒಂದೊಂದು ಬಡಿತವನ್ನೂ ಒಂದೊಂದು ಹೆಜ್ಜೆ ಎಂದು ಎಣಿಸಿಬಿಟ್ಟಿತು.

ಮಧ್ಯಾಹ್ನ ಅಂಗಡಿಯಿಂದ ಯಜಮಾನರ ಫೋನು. ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಏನ ನಡದೀಯ ಮಾರಾಯ್ತಿ! ಇವತ್ತಿನ ಹೆಜ್ಜಿ ಆಗಲೇ ಮುಗದಾವು ಅಂತ ಫೋನಿನ್ಯಾಗ ಬಣ್ಣಬಣ್ಣದ ಪಟಾಕಿ ಹಾರಸಾಕತ್ತೈತಿ!"

"ನಾ ಎಲ್ಲಿ ನಡದೀನ್ರೀ? ಒಲಿ ಮುಂದ ನಿಂತು ರೊಟ್ಟಿ ಬಡದೀನಿ."

"ಅದೂ ವ್ಯಾಯಾಮನ!" ಎಂದರು.

ರಾತ್ರಿ ಊಟಕ್ಕೆ ಕೂತಾಗ ಮಗಳು ನಕ್ಕು ಹೇಳಿದಳು: "ಅಪ್ಪಾ, ಅದಕ್ಕ ನಡಗಿ ಯಾವುದು, ರೊಟ್ಟಿ ಯಾವುದು ತಿಳಿಯೂದಿಲ್ಲ. ಕೈ ಅಳ್ಳಾಡಿದ್ರ ಸಾಕು." ಯಾರು ಕೇಳಬೇಕು? ಜೀವನವಿಡೀ ತಕ್ಕಡಿಯ ಮುಂದೆ ಕೂತ ಮನುಷ್ಯ. ಮಷಿನು ತೋರಿಸಿದ್ದೇ ಖರೆ, ಹೆಂಡತಿ ಹೇಳಿದ್ದು ಬರೀ ಮಾತು. "ತಕ್ಕಡಿ ಸುಳ್ಳು ಹೇಳತೈತೇನು?" ಎಂದು ನನ್ನನ್ನೇ ಕೇಳಿದರು.

ಮರುದಿನ ಬೆಳಿಗ್ಗೆ ನಾನು ಕೋಣೆಯ ಕಡೆ ಹೊರಟೆ. "ಮತ್ತ್ಯಾಕ? ಅಡಗಿಮನ್ಯಾಗ ಆಗತೈತಲ್ಲ" ಎಂದರು ಯಜಮಾನರು. ಡಾಕ್ಟರು ಹೇಳಿದ್ದು ಭುಜ ಬಿಡಿಸಲು, ಇದು ಭುಜ ಮುರಿಯುವ ಕೆಲಸ ಎಂದು ಬಾಯಿ ಬಡಿದುಕೊಂಡೆ. ಅತ್ತೆ "ನಮಗ ಯಾವ ವಾಚ್ ಇತ್ತವಾ?" ಎಂದು ನಿಟ್ಟುಸಿರು ಬಿಟ್ಟರು. ದಿನಕ್ಕೊಂದು ನೆಪ. ಒಂದು ದಿನ ಹತ್ತು ನಿಮಿಷಕ್ಕೇ ಕರೆದರು, ಇನ್ನೊಂದು ದಿನ ಬಾಗಿಲೇ ಹಾಕಗೊಡಲಿಲ್ಲ. ಹಾಗೇ ನನ್ನ ಅರ್ಧ ಗಂಟೆ ಹೋಯಿತು.

ಹೋದದ್ದಷ್ಟೇ ಅಲ್ಲ, ಅದರ ಜಾಗಕ್ಕೆ ಇನ್ನಷ್ಟು ರೊಟ್ಟಿ ಬಂತು! ರೊಟ್ಟಿ ನನ್ನ ಆರೋಗ್ಯಕ್ಕೆ ಒಳ್ಳೆಯದಲ್ಲವೇ? ಅಂಗಡಿಯ ಗುಮಾಸ್ತರಿಗೂ ಡಬ್ಬಿ ಕಟ್ಟು ಎಂದರು. "ಅವ್ರ ಹೊಟ್ಟಿ ತುಂಬತೈತಿ, ನಿಂದೂ ಚಲೋ ಆಗತೈತಿ." ಎಷ್ಟು ನಯವಾಗಿ ಹೇಳಿದರೆಂದರೆ, ಮರುದಿನದಿಂದ ಡಬ್ಬಿಯನ್ನೂ ಕಟ್ಟತೊಡಗಿದೆ. ಮಧ್ಯಾಹ್ನ ಸ್ವಲ್ಪ ಅಡ್ಡಾದರೆ ಬೇಗಂ ಬಜಾರಿನಲ್ಲಿ ಕೂತವರಿಗೆ ಗೊತ್ತು. "ಮಲಕೊಂಡಿದ್ದೇನು? ಭಾಳ ಹೊತ್ತಾತು, ಅಳ್ಳಾಡೇ ಇಲ್ಲ" ಎಂದು ಫೋನು. ಮೈಯೆಲ್ಲ ಉರಿಯಿತು. ಕೊರಳಿಗೆ ಗಂಟೆ ಕಟ್ಟಿ ಮೇಯಲು ಬಿಟ್ಟ ಎಮ್ಮೆಗಾದರೂ ಮಲಗಿದಾಗ ಯಾರೂ ಫೋನು ಮಾಡುವುದಿಲ್ಲ.

ಮಳೆಗಾಲ ಕಳೆಯುವವರೆಗೂ ಹೀಗೇ ನಡೆಯಿತು. ನನಗೆ ಸಿಟ್ಟು ಯಜಮಾನರ ಮೇಲೋ, ವಾಚಿನ ಮೇಲೋ, ಎರಡರ ನಡುವೆ ನಿಂತು ಹಿಟ್ಟು ನಾದುತ್ತಲೇ ಇದ್ದ ನನ್ನ ಮೇಲೋ, ಹೇಳಲಾರೆ.

ಒಂದು ಭಾನುವಾರ ಬಜಾರಿನ ಗೆಳೆಯರನ್ನು ಊಟಕ್ಕೆ ಕರೆದಿದ್ದರು. ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ ಎಲ್ಲ ಮಾಡಿಟ್ಟು, ರೊಟ್ಟಿಗೆ ಒಲೆಯ ಮೇಲೆ ಹಂಚು ಇಟ್ಟಿದ್ದೆ. ಯಜಮಾನರು ಅಡುಗೆಮನೆಗೆ ಇಣುಕಿ, ಹಿಂದೆ ನಿಂತ ಗೆಳೆಯರಿಗೆ ಫೋನು ತೋರಿಸುತ್ತ ಹೇಳಿದರು: "ನೋಡ್ರಿ ಈಗ, ಹೆಂಗ ಓಡತೈತಿ. ನಮ್ಮಾಕಿಗೆ ಜಿಮ್ಮೂ ಬ್ಯಾಡ, ಪಾರ್ಕೂ ಬ್ಯಾಡ."

ಅವರೆಲ್ಲ ನಕ್ಕರು. ನಾನು ಒಲೆ ಆರಿಸಿದೆ. ಹಿಟ್ಟಿನ ಕೈಯಲ್ಲೇ ವಾಚು ಬಿಚ್ಚಿ ಯಜಮಾನರ ಅಂಗೈಗೆ ಇಟ್ಟೆ.

"ರೋಡಿನ ಮ್ಯಾಲ ಒಲಿ ಹಚ್ಚಿ ಜೊನ್ನ ರೊಟ್ಟೆ ಅಂತ ಜ್ವಾಳದ ರೊಟ್ಟಿ ಮಾರ್ತಾರ, ತಗೊಂಡ್ ಬರ್ರಿ. ನಡಕೋತ ಹೋಗ್ರಿ, ನಿಮಗೂ ಚಲೋ ಆಗತೈತಿ."

ಮಾತಿಗೆ ಕಾಯದೆ ಕೋಣೆಗೆ ಹೋಗಿ ಬಾಗಿಲು ದೂಡಿ, ಮೇಲಿನ ಚಿಲಕ ಹಾಕಲು ಬಲಗೈ ಎತ್ತಿದೆ. ಕೈ ಕಿವಿಯವರೆಗೂ ಬರಲಿಲ್ಲ. ಮತ್ತೊಮ್ಮೆ ಎತ್ತಿದೆ. ಭುಜದಲ್ಲಿ ಚಳುಕು ಹೊಡೆದು ಕಣ್ಣಲ್ಲಿ ನೀರು ಬಂತು. ಮುಂಚೆ ದಿನಾ ನಾನೇ ಹಾಕುತ್ತಿದ್ದ ಚಿಲಕ ಅದು.

ಹೊರಗಿನಿಂದ ಯಜಮಾನರು ಮೆಲ್ಲಗೆ ಬಾಗಿಲು ತಟ್ಟಿದರು. "ಏ, ಮಂದಿ ಕುಂತಾರ. ಒಂದೀಟು ಬಡದು ಹೋಗು, ಆಮ್ಯಾಲ ಬೇಕಾದಷ್ಟು ಬಾಗಲಾ ಹಾಕ್ಕೋ."

"ಬಾಗಲಾ ಹಾಕಾಕೂ ಕೈ ಏರವಲ್ದ್ರೀ!" ಎಂದು ಕೂಗಿಬಿಟ್ಟೆ. ಮನೆಯಲ್ಲಿದ್ದವರಿಗೆಲ್ಲ ಕೇಳಿಸಿರಬೇಕು, ತಟ್ಟುವ ಸದ್ದು ನಿಂತಿತು.

ಬಾಗಿಲ ಆಚೆ ಅವರು, ಈಚೆ ನಾನು. ಚಿಲಕ ಬಿದ್ದಿಲ್ಲ, ದೂಡಿದರೆ ತೆರೆದುಕೊಳ್ಳುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ದೂಡಲಿಲ್ಲ. ನಾನು ತುದಿಗಾಲಲ್ಲಿ ನಿಂತು ಎಡಗೈಯಿಂದ ಚಿಲಕ ಹಾಕಿದೆ.