ಪಾದೆಯ ಮೇಲೆ ನೆಟ್ಟ ಕಂಬ

ಸಬೀನಾಳಿಗೆ ಹೆದರುಪುಕ್ಕಿ ಅಂತ ಹೆಸರಿಟ್ಟವನು ನಾನೇ. ಮಂಗಳೂರು ಬೈಕಂಪಾಡಿಯ ನಮ್ಮ ಸರ್ವೆ ಕಂಪೆನಿಗೆ ಅವಳು ಸೇರಿ ಹನ್ನೊಂದು ವರ್ಷ, ನಾನು ಸೇರಿ ಇಪ್ಪತ್ತೆಂಟು. ಸಂಜೆ ಹೊರಡುವಾಗ ಎಲ್ಲ ಸ್ವಿಚ್ಚು ಎರಡೆರಡು ಸಲ ಮುಟ್ಟಿ ನೋಡುವವಳು. ಬಸ್ಸಿನಲ್ಲಿ ಡ್ರೈವರ್ ಸ್ವಲ್ಪ ಜೋರು ಬಿಟ್ಟರೆ ಕುಳೂರಿನಲ್ಲೇ ಇಳಿದು ಬೇರೆ ಬಸ್ಸಿಗೆ ಕಾಯುವವಳು. "ಎಂತ ಮಾರಾಯ್ತಿ, ನಿನ್ನ ನೆರಳು ಕಂಡರೂ ನಿನಗೆ ಹೆದರಿಕೆಯಾ?" ಅಂತ ನಾನು ಗೇಲಿ ಮಾಡಿದರೆ, "ಆಯ್ತು ವಿಲ್ಲಿಯಣ್ಣ, ನೀವು ಧೈರ್ಯದಲ್ಲಿರಿ" ಅಂತ ಹೇಳಿ ಇನ್ನೊಮ್ಮೆ ಸ್ವಿಚ್ಚು ಮುಟ್ಟಿ ಬರುತ್ತಿದ್ದಳು.

ಕುದ್ರೋಳಿಯವಳು. ತಂದೆ ಅಹ್ಮದ್ ಬಾವ ಅವರದ್ದು ಬಂದರಿನ ಹತ್ತಿರ ಹಗ್ಗದ ಅಂಗಡಿ. ಹುಡುಗಿಗೆ ಸಿವಿಲ್ ಡಿಪ್ಲೊಮಾ ಯಾಕೆ ಅಂತ ನೆಂಟರೆಲ್ಲ ಕೇಳಿದಾಗ, "ನಿಮ್ಮ ಮನೆ ಬಿರುಕು ಬಿಟ್ಟಾಗ ಕರೀರಿ, ಹೇಳ್ತಾಳೆ" ಅಂದರಂತೆ ಅವರು. ಗಂಡ ರವೂಫ್ ಸೌದಿಯ ದಮ್ಮಾಮಿನಲ್ಲಿ ಎಂಟು ವರ್ಷ ಇದ್ದ. ಮಗಳು ಅಪ್ಪನನ್ನು ಫೋನಿನಲ್ಲಿ ಮಾತ್ರ ಗುರುತು ಹಿಡಿಯುವ ಹಾಗಾಯಿತು. ಕೊನೆಗೆ ಸಬೀನಾಳೇ ನಮ್ಮ ಬಾಸ್ ಹಿತೇಶ್ ಹತ್ತಿರ ಹೋಗಿ ಅವನಿಗೊಂದು ಕೆಲಸ ಕೇಳಿದಳು. ಹಾಗೆ ರವೂಫ್ ನಮ್ಮ ಅಣೆಕಟ್ಟಿನ ಸೈಟಿಗೆ ಹೋದ.

ನಮ್ಮ ಅಣೆಕಟ್ಟು ಅಂದೆ. ನಮ್ಮದೆಂತ ಅಲ್ಲ. ಉತ್ತರದ ಕಡೆ, ಎರಡು ರೈಲು ಬದಲಿಸಿ ಹೋಗಬೇಕಾದ ಕಲ್ಲಿದ್ದಲಿನ ಊರಿನಲ್ಲಿರುವ ಒಂದು ಮಣ್ಣಿನ ಅಣೆಕಟ್ಟು. ಅದರ ಪಕ್ಕದಲ್ಲಿ, ನೆಲದ ಅಡಿಯಲ್ಲಿ ಗಣಿ. ಕಲ್ಲಿದ್ದಲು ತೆಗೆದ ಜಾಗ ಆಮೇಲೆ ಕುಸಿಯುತ್ತದೆ, ಅದರ ಜೊತೆ ಮೇಲಿನ ನೆಲವೂ ಇಳಿಯುತ್ತದೆ. ಕಟ್ಟೆ ಇಳಿಯುತ್ತದಾ ಅಂತ ನೋಡುವುದು ನಮ್ಮ ಕೆಲಸ. ಕಟ್ಟೆಯ ಮೇಲೆ ಹನ್ನೆರಡು ಗುರುತು. ಆಚೆ ಗುಡ್ಡದ ಮೇಲೆ ಒಂದು ಕಾಂಕ್ರೀಟ್ ಕಂಬ. ಕಂಬ ಅಲುಗುವುದಿಲ್ಲ ಅಂತ ಲೆಕ್ಕ. ಅಲ್ಲಿಂದ ಅಳೆದು ಗುರುತುಗಳು ಎಷ್ಟು ಇಳಿದವು ಅಂತ ಹೇಳುವುದು. ಅಳತೆ ಬೈಕಂಪಾಡಿಗೆ ಬರುತ್ತದೆ, ಸಬೀನಾ ನೋಡುತ್ತಾಳೆ. ಇದಲ್ಲದೆ ಕಟ್ಟೆಯ ಬುಡದಲ್ಲಿ ಒಸರುವ ನೀರು ಒಂದು ತೊಟ್ಟಿಗೆ ಬೀಳುತ್ತದೆ. ಅದನ್ನು ರವೂಫ್ ದಿನಾ ಬೆಳಿಗ್ಗೆ ಹೋಗಿ ಅಳೆದು ಫೋನಿನಲ್ಲಿ ಹೇಳುತ್ತಾನೆ. ಅವನ ಕೋಣೆಯೂ ಅಲ್ಲೇ ಕೆಳಗೆ, ನಲವತ್ತು ಮನೆಗಳ ಒಂದು ಹಳ್ಳಿಯ ಅಂಚಿನಲ್ಲಿ.

ಆ ಕಂಬ ನೆಟ್ಟದ್ದು ನಾನು. ಗುಡ್ಡದಲ್ಲಿ ಒಳ್ಳೆ ಪಾದೆ ಸಿಕ್ಕಿತ್ತು, ಅಂಗಳದಷ್ಟು ಅಗಲದ ಒಂದೇ ಬಂಡೆ. ನಮ್ಮೂರಲ್ಲಿ ಪಾಯ ತೋಡುವಾಗ ಪಾದೆ ಸಿಕ್ಕಿತು ಅಂದರೆ ಮೇಸ್ತ್ರಿ ಗುದ್ದಲಿ ಕೆಳಗಿಟ್ಟು ಬೀಡಿ ಹಚ್ಚುತ್ತಾನೆ. ಇನ್ನು ನೋಡಲಿಕ್ಕೆ ಎಂತ ಉಂಟು? ನಾನೂ ಹಾಗೇ ಮಾಡಿದೆ. ಪಾದೆಯ ಅಡಿಯಲ್ಲಿ ಮನುಷ್ಯರು ಕೊರೆಯುತ್ತಾ ಬರಬಹುದು ಅಂತ ಕರಾವಳಿಯವನ ತಲೆಗೆ ಹೊಳೆಯುವುದೇ ಇಲ್ಲ. ಗಣಿಯ ನಕ್ಷೆ ಕೇಳಲಿಲ್ಲ.

ಮೂರು ವರ್ಷ ಅಳತೆ ಬಂತು. ಸೊನ್ನೆ ಮಿಲಿಮೀಟರ್, ಒಂದು, ಸೊನ್ನೆ. ಹಿತೇಶ್ ಖುಷಿ, ನಾನು ಅವನಿಗಿಂತ ಖುಷಿ. ಸಬೀನಾಳಿಗೆ ಮಾತ್ರ ಸಮಾಧಾನ ಇಲ್ಲ. ಕಳೆದ ಸೆಪ್ಟೆಂಬರಿನ ಒಂದು ಗುರುವಾರ ಬೆಳಿಗ್ಗೆ ಕಾಗದ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ವಿಲ್ಲಿಯಣ್ಣ, ಅಲ್ಲಿ ಹದಿನೈದು ದಿನದಿಂದ ಮಳೆ ಇಲ್ಲ. ಕಟ್ಟೆಯ ಹಿಂದಿನ ಕೆರೆಯ ನೀರೂ ಏರಿಲ್ಲ. ಬುಡದ ನೀರು ಮಾತ್ರ ದಿನಾ ಜಾಸ್ತಿ ಆಗ್ತಾ ಉಂಟು. ಕಟ್ಟೆ ಅಲುಗದೆ ಹಾಗೆ ಆಗ್ತದಾ?"

"ಗುರುತುಗಳು ಸೊನ್ನೆ ತೋರಿಸ್ತವಲ್ಲ?"

"ಕಂಬವೂ ಕಟ್ಟೆಯೂ ಒಟ್ಟಿಗೆ ಇಳಿದ್ರೆ?"

ನನಗೆ ಎಲ್ಲಿತ್ತೋ ಕೋಪ. "ಪಾದೆ ಇಳಿಯುವುದಾ? ನಿನಗೆಂತ ಮಂಡೆ ಸಮ ಉಂಟಾ? ನೀನು ಶಾಲೆಗೆ ಸೇರುವ ಮೊದಲಿಂದ ಕಂಬ ನೆಡ್ತಾ ಇದ್ದೇನೆ ನಾನು" ಅಂತ ಇಡೀ ಆಫೀಸಿಗೆ ಕೇಳುವ ಹಾಗೆ ಬೊಬ್ಬೆ ಹಾಕಿದೆ. ಅವಳು ತನ್ನ ಮೇಜಿಗೆ ಹೋದಳು. ಫೋನ್ ತೆಗೆದು ರವೂಫನಿಗೆ ಗಣಿಯ ಕಚೇರಿಗೆ ಹೋಗಿ ಹೊಸ ನಕ್ಷೆಯ ಫೋಟೊ ಕಳಿಸಲು ಹೇಳಿದಳು. ಹನ್ನೊಂದೂವರೆಗೆ ಫೋಟೊ ಬಂತು. ಕಳೆದ ವರ್ಷದಿಂದ ಕಲ್ಲಿದ್ದಲು ತೆಗೆದ ಜಾಗಕ್ಕೆ ಕೆಂಪು ಬಣ್ಣ. ಕೆಂಪು ಗುಡ್ಡದ ಅಡಿಯಿಂದ ಹಿಡಿದು ಕಟ್ಟೆಯವರೆಗೂ ಇತ್ತು. ನನ್ನ ಕಂಬವೂ ಆ ಕೆಂಪಿನ ಒಳಗೇ. "ಸಾಯ್ಬಾ ಭೊಗೊಸ್!", ದೇವರೇ ಕ್ಷಮಿಸು ಅಂತ ನಮ್ಮ ಕೊಂಕಣಿಯೇ ಬಾಯಿಗೆ ಬಂತು. ಕುರ್ಚಿ ಎಳೆದುಕೊಂಡು ಕೂತೆ.

ಸಬೀನಾ ಅಣೆಕಟ್ಟಿನ ಇಂಜಿನಿಯರಿಗೆ ಫೋನ್ ಮಾಡಿದಳು. ಹಿಂದಿ ಅವಳಿಗೆ ಅಷ್ಟಕ್ಕಷ್ಟೆ, ಆದರೂ ಬಿಡಲಿಲ್ಲ. ಅವರ ಮಾತು ಒಂದೇ: ಮೂರು ವರ್ಷ ನೀವೇ ಸೊನ್ನೆ ಅಂತ ಬರೆದುಕೊಟ್ಟಿದ್ದೀರಿ, ಈಗ ಒಂದು ನಕ್ಷೆ ನೋಡಿ ಕೆರೆ ಖಾಲಿ ಮಾಡಲು ಆಗುವುದಿಲ್ಲ. ಒಸರುವ ನೀರು ತಿಳಿಯಾಗಿದೆಯಾ, ಕೆಂಪಾಗಿದೆಯಾ ಹೇಳಿ. ಕೆಂಪಾದರೆ ಕಟ್ಟೆಯ ಮಣ್ಣೇ ಒಳಗಿಂದ ಕೊಚ್ಚಿ ಬರುತ್ತಿದೆ ಅಂತ ಅರ್ಥ, ಆಗ ತಕ್ಷಣ ಗೇಟು ತೆಗೆಸುತ್ತೇನೆ, ಜನರನ್ನೂ ಎಬ್ಬಿಸುತ್ತೇನೆ ಅಂದರು. ನೋಡಲಿಕ್ಕೆ ಯಾರು ಉಂಟು ಅಲ್ಲಿ? ರವೂಫ್ ಒಬ್ಬನೇ.

ಅವಳು ಅವನೊಡನೆ ಅವರ ಬ್ಯಾರಿ ಭಾಷೆಯಲ್ಲಿ ಮಾತಾಡಿದಳು. ಕೇಳಿದರೆ ನನಗೆ ಅರ್ಥ ಆಗುತ್ತದೆ. "ಬುಡಕ್ಕೆ ಹೋಗಿ ಬಾಟ್ಲಿಯಲ್ಲಿ ನೀರು ಹಿಡಿದು ನೋಡಿ." ಬುಡದಲ್ಲಿ ಫೋನ್ ಸಿಗುವುದಿಲ್ಲ, ಅದಕ್ಕೆ ಕಟ್ಟೆಯ ಮೇಲೆ ಹತ್ತಿ ಬರಬೇಕು. ಇಳಿಯಲು ಹತ್ತು ನಿಮಿಷ, ಹತ್ತಲು ಇಪ್ಪತ್ತು. ಆ ಅರ್ಧ ಗಂಟೆ ಅವಳು ಮೇಜಿನ ಅಂಚು ಹಿಡಿದು ನಿಂತೇ ಇದ್ದಳು. ಅವನು ಹತ್ತಿ ಬಂದು "ತಿಳಿ ಉಂಟು" ಅಂದ. ಇಂಜಿನಿಯರಿಗೆ ಹೇಳಿದರೆ, ಹಾಗಾದರೆ ಕಾಯುವ ಅಂದರು. ಎರಡು ಗಂಟೆಗೆ ಮತ್ತೆ ಕಳಿಸಿದಳು. ತಿಳಿಯೇ, ಆದರೆ ತೊಟ್ಟಿಯ ಅಳತೆ ನಾಲ್ಕು ಮಿಲಿಮೀಟರ್ ಜಾಸ್ತಿ.

"ಸಾಕು ಸಬೀನಾ, ಅವನನ್ನು ದೂರ ಹೋಗ್ಲಿಕ್ಕೆ ಹೇಳು. ತಪ್ಪು ನನ್ನದು, ಇಂಜಿನಿಯರ್ ಹತ್ತಿರ ನಾನು ಮಾತಾಡ್ತೇನೆ" ಅಂದೆ.

"ನೀವು ಹೇಳಿದ್ರೆ ಗೇಟು ತೆಗೀತಾರಾ?"

ಮೂರೂವರೆಗೆ ಅವಳು ಮತ್ತೆ ಫೋನ್ ಮಾಡಿದಳು. ಆ ಕಡೆಯಿಂದ ರವೂಫ್ ಏನೋ ಹೇಳಿದ, ಕಟ್ಟೆಯ ಕಡೆಯಿಂದ ಶಬ್ದ ಬರ್ತಾ ಉಂಟು ಅಂದ ಹಾಗೆ ಕೇಳಿತು. ಅವಳು ಕಣ್ಣು ಮುಚ್ಚಿಕೊಂಡು, "ಒಂದೇ ಒಂದು ಸಲ, ಹೋಗಿ" ಅಂದಳು. ಅರ್ಧ ಗಂಟೆ ಆಯಿತು, ಫೋನ್ ಬರಲಿಲ್ಲ. ನಲವತ್ತು ನಿಮಿಷ. ಹಿತೇಶ್ ಕೂಡ ತನ್ನ ಕೋಣೆಯಿಂದ ಹೊರಗೆ ಬಂದು ಬಾಗಿಲಲ್ಲೇ ನಿಂತ. ಮಾಡಿದ್ದು ನಾನು, ಅನುಭವಿಸುವುದು ಈ ಹುಡುಗಿ. ಐವತ್ತೆರಡನೇ ನಿಮಿಷಕ್ಕೆ ಒಂದು ಫೋಟೊ ಬಂತು. ಬಾಟ್ಲಿಯಲ್ಲಿ ಚಹಾದ ಹಾಗೆ ಕೆಂಪು ನೀರು.

ಇಂಜಿನಿಯರ್ ಮಾತಿಗೆ ತಪ್ಪಲಿಲ್ಲ. ಕತ್ತಲಾಗುವ ಮೊದಲೇ ಗೇಟು ತೆಗೆದು ನಲವತ್ತು ಮನೆಯವರನ್ನೂ ಶಾಲೆಗೆ ಸಾಗಿಸಿದರು. ಕಟ್ಟೆ ಮೂರನೇ ದಿನ ಒಂದು ಬದಿ ಬಾಯಿ ಬಿಟ್ಟಿತು, ಅಷ್ಟರಲ್ಲಿ ಕೆರೆಯಲ್ಲಿ ನೀರು ಮುಕ್ಕಾಲು ಇಳಿದಿತ್ತು. ಒಂದು ಜೀವವೂ ಹೋಗಲಿಲ್ಲ. ಆಮೇಲೆ ಗಣಿಯಿಂದ ದೂರದ ರೈಲ್ವೆ ಸೇತುವೆಯಿಂದ ಅಳೆದು ನೋಡಿದರೆ ನನ್ನ ಕಂಬ ಒಂದು ಗೇಣು ಇಳಿದಿತ್ತು.

ಹತ್ತು ದಿನ ಕಳೆದು ರವೂಫ್ ಊರಿಗೆ ಬಂದ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ನಾನು ಕುದ್ರೋಳಿಗೆ ಹೋದೆ. ಕ್ಷಮೆ ಕೇಳಲಿಕ್ಕೇ ಹೋದದ್ದು, ಕೇಳಿದೆ. ಅವನು ನಕ್ಕು ಕೈ ಹಿಡಿದು ಕೂರಿಸಿದ. ಅಕ್ಕಿರೊಟ್ಟಿಯ ಹಾಗಿನ ಪತ್ತಿರಿ ಬಂತು, ಸಾರು ಬಂತು. ಅವನಿಗೆ ಮಾತಾಡಿದಷ್ಟೂ ಸಾಲದು. ಮೂರನೇ ಸಲ ಕಾಲಡಿಯ ಮಣ್ಣು ಮೆತ್ತಗಾಗಿ ಸೊಂಟದವರೆಗೆ ಹೂತದ್ದು, ಬೇರು ಹಿಡಿದು ಮೇಲೆ ಬಂದದ್ದು ಎಲ್ಲ ಹೇಳಿದ.

"ಆದ್ರೆ ವಿಲ್ಲಿಯಣ್ಣ, ನನಗೆ ಒಂದು ಚೂರೂ ಹೆದರಿಕೆ ಆಗ್ಲಿಲ್ಲ. ಕಳಿಸಿದ್ದು ಇವಳಲ್ವಾ? ನಿಜವಾಗಿ ಅಪಾಯ ಉಂಟು ಅಂತ ಇವಳಿಗೆ ಅನಿಸಿದ್ರೆ ನನ್ನನ್ನು ಕಳಿಸ್ತಿದ್ದಳಾ?"

ಸಾರಿನ ಪಾತ್ರೆ ಹಿಡಿದು ನಿಂತಿದ್ದ ಸಬೀನಾ ಅದನ್ನು ಕೆಳಗಿಟ್ಟಳು.

"ಕಟ್ಟೆ ಒಡೆಯುತ್ತದೆ ಅಂತಲೇ ಅಂದುಕೊಂಡಿದ್ದೆ" ಅಂದಳು. "ಮೂರನೇ ಸಲ ನಿಮ್ಮನ್ನು ಕಳಿಸುವಾಗ, ನೀವು ಇನ್ನು ಬರುವುದಿಲ್ಲ ಅಂತಲೇ ಕಳಿಸಿದ್ದು. ಆ ನಲವತ್ತು ಮನೆಯವರಿಗೋಸ್ಕರ."

ರವೂಫನ ನಗು ಹಾಗೇ ನಿಂತಿತು. ಒಳಗೆ ಮಗಳು ಪಾಠ ಓದುವುದು ಕೇಳುತ್ತಿತ್ತು.

"ನಾಡಿದ್ದು ನಿಮಗೆ ಸೈಟಿಗೆ ವಾಪಸ್ ರೈಲು ಉಂಟು" ಅಂದಳು ಸಬೀನಾ. "ಹಾಗೆ ಕಳಿಸಿದವಳು ನಾನೇ, ಹೋಗ್ಬೇಡಿ ಅಂತ ಹೇಳ್ಲಿಕ್ಕೆ ಇನ್ನು ನನಗೆ ಬಾಯಿ ಇಲ್ಲ."