ಮಾಲ್‌ಸುನ್ ಗೆದ್ದ ಬಿಲ್ಲೆ

ಅಂದೊಂಗ್ ಊರಿನ ಹಳೆಯ ಹೆಂಚಿನ ಮನೆಗಳ ಓಣಿಯಲ್ಲಿ ಮಾಲ್‌ಸುನ್‌ಳ ಮನೆಗೂ ಅವಳ ವಾರಗಿತ್ತಿ ಯೊಂಗ್‌ರಾನ್‌ಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಮೊದಲು ಅದೂ ಇರಲಿಲ್ಲ. ಮಾಲ್‌ಸುನ್‌ಳ ಗಂಡ ಗಿಬೋಕ್ ತೀರಿಕೊಂಡ ಮೇಲೆ ಮೈದುನ ಪಾಲು ಕೇಳಿ ಗೋಡೆ ಎಬ್ಬಿಸಿದ. ಗಾರೆಯವರನ್ನು ಕರೆದವನು ಮೈದುನ, ಹಟ ಹಿಡಿದವಳು ಯೊಂಗ್‌ರಾನ್.

ಹೊಟ್ಟೆಪಾಡಿಗೆ ಮಾಲ್‌ಸುನ್ ಫೋನಿನ ಆ್ಯಪ್ ಮೂಲಕ ಪ್ರವಾಸಿಗರಿಗೆ ಕೋಣೆ ಕೊಡತೊಡಗಿದಳು. ಆಗ ಯೊಂಗ್‌ರಾನ್ ದಿನಾ ಬಂದು ಅವಳ ಅಡುಗೆಮನೆಯಲ್ಲೇ ಕೂರುತ್ತಿದ್ದಳು. ರಜಾಯಿಗೆ ಬಿಸಿಲು ತೋರಿಸುವುದು, ಚಳಿಗೆ ಅತಿಥಿ ಬರುವ ಮುಂಚೆಯೇ ಮಲಗುವ ಕೋಣೆಯ ನೆಲ ಕಾಯಿಸಿಡುವುದು, ಬಾರ್ಲಿ ಚಹಾ ಹದ ಮಾಡುವುದು, ಎಲ್ಲವನ್ನೂ ಅಕ್ಕಾ ಅಕ್ಕಾ ಎನ್ನುತ್ತ ಕಲಿತಳು. ಆಮೇಲೆ ಗೋಡೆಯ ಆಚೆ ತಾನೂ ಅದೇ ಆ್ಯಪ್‌ನಲ್ಲಿ ಅಂಗಡಿ ತೆರೆದಳು. ವರ್ಷ ಕಳೆಯುವುದರೊಳಗೆ ಆ್ಯಪ್‌ನವರು ಅವಳ ಫೋಟೋದ ಮೂಲೆಗೆ ‘ಶ್ರೇಷ್ಠ ಆತಿಥೇಯರು’ ಎಂಬ ಬಿಲ್ಲೆ ಅಂಟಿಸಿದರು.

ಉಗುರಿನಷ್ಟಗಲದ ಚಿತ್ರ ನೋಡಿ ಯಾರು ಬರುತ್ತಾರೆ ಎಂದು ಮಾಲ್‌ಸುನ್ ಮೊದಲು ನಕ್ಕಳು. ಶರತ್ಕಾಲದ ಹಬ್ಬಕ್ಕೆ ಊರು ತುಂಬಿದಾಗ ನಗು ಅಡಗಿತು. ಆಚೆ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಇಡಲು ಜಾಗವಿಲ್ಲ, ಇವಳ ಮನೆಯಲ್ಲಿ ಬೆಕ್ಕು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ. ಒಂದು ದಿನ ಅವಳು ಅಂಗಳದಲ್ಲಿ ಸೋಯಾ ಹುದುಗಿಸಿಟ್ಟ ಭರಣಿ ಒರೆಸುತ್ತಿದ್ದಾಗ, ಬಾಗಿಲು ತಪ್ಪಿ ಇತ್ತ ಬರಲಿದ್ದ ಯಾರನ್ನೋ ಯೊಂಗ್‌ರಾನ್ ತಡೆದದ್ದು ಕೇಳಿಸಿತು.

“ಅಲ್ಲಿಗೆ ಹೋಗ್ಬೇಡಿ. ಅದು ಬಿಲ್ಲೆ ಇಲ್ಲದ ಮನೆ. ಗಂಡ ಸತ್ತೋಳು ಒಬ್ಳೇ ಇರೋದು, ಹಾಸಿಗೆಯೆಲ್ಲ ಮುಗ್ಗಲು ವಾಸನೆ.”

ಮಾಲ್‌ಸುನ್ ಬಟ್ಟೆ ಹಿಂಡಿ ಒಣಹಾಕಿದಳು. ಆದರೆ ಹೊಟ್ಟೆಯೊಳಗೆ ಬಿದ್ದ ಆ ಕೆಂಡ ಆಮೇಲೆ ಆರಲೇ ಇಲ್ಲ. ಆ ಬಿಲ್ಲೆ ತನಗೂ ಬರಬೇಕು, ಯೊಂಗ್‌ರಾನ್‌ಳದು ಉದುರಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಬಿಲ್ಲೆಯ ಕಟ್ಟಳೆಗಳು ಕಠಿಣ. ಬಂದವರೆಲ್ಲ ಹೊಗಳಬೇಕು, ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಡಬೇಕು, ಎಲ್ಲಕ್ಕಿಂತ ಮುಖ್ಯವಾಗಿ, ಬನ್ನಿ ಎಂದವರಿಗೆ ಆಮೇಲೆ ಬೇಡ ಎನ್ನಬಾರದು. ಮಾಲ್‌ಸುನ್ ಫೋನನ್ನು ದಿಂಬಿನಡಿ ಇಟ್ಟು ಮಲಗಿದಳು. ಚಳಿಗಾಲವಿಡೀ ಮರದ ನೆಲಕ್ಕೆ ಎಣ್ಣೆ ತಿಕ್ಕಿದಳು. ತೀರಾ ಮೊಂಡು ಅತಿಥಿಗಳಿಗೂ ಹಲ್ಲು ಕಿರಿದಳು. ವಸಂತದಲ್ಲಿ ಬಿಲ್ಲೆ ಬಂತು. ಮನೆ ಅದೇ, ಹಾಸಿಗೆ ಅದೇ, ಹೆಂಗಸೂ ಅವಳೇ, ಆದರೂ ಫೋನು ಬಾಯಿ ಮುಚ್ಚಲಿಲ್ಲ. ಒಮ್ಮೆ ಬಂದು ಹೋದವರು ಅವಳ ಹುದುಗಿಸಿದ ಸೋಯಾಕಾಳಿನ ಸಾರಿಗಾಗಿ ಮತ್ತೆ ಬರುತ್ತಿದ್ದರು, ಬಿಲ್ಲೆಯತ್ತ ಕಣ್ಣೂ ಹಾಯಿಸುತ್ತಿರಲಿಲ್ಲ. ಗುರುತು ಪರಿಚಯ ಇಲ್ಲದವರನ್ನು ಎಳೆದು ತರುತ್ತಿದ್ದದ್ದು ಮಾತ್ರ ಆ ಚಿತ್ರವೇ. ಅಂಥವರೇ ಹೆಚ್ಚು.

ಈ ಉಬ್ಬಿನಲ್ಲೇ ಅವಳು ಎಡವಿದಳು. ಗಿಬೋಕ್‌ನ ವರ್ಷದ ತಿಥಿ ಬರುವುದು ಚಂದ್ರನ ಲೆಕ್ಕದಲ್ಲಿ, ಫೋನಿನ ಪಂಚಾಂಗ ಓಡುವುದು ಸೂರ್ಯನ ಲೆಕ್ಕದಲ್ಲಿ. ಅವಳು ಹೋದ ವರ್ಷದ ತಾರೀಖನ್ನೇ ನೋಡಿ ಆ ದಿನ ಯಾರಿಗೂ ಕೋಣೆ ಕೊಡದಂತೆ ಮುಚ್ಚಿಟ್ಟಿದ್ದಳು. ನಿಜವಾದ ತಿಥಿಯ ದಿನ ತೆರೆದೇ ಇತ್ತು. ತಿಥಿಗೆ ಎಡೆ ಇಡುವ ಪೀಠ ಹಾಕುವ ದೊಡ್ಡ ಕೋಣೆಯನ್ನೇ ಯಾರೋ ಆ ದಿನಕ್ಕೆ ಹಿಡಿದುಬಿಟ್ಟರು.

ತಪ್ಪು ಹೊಳೆದು ಅವಳು ತಲೆ ಹಿಡಿದು ಕೂತ ದಿನವೇ ಯೊಂಗ್‌ರಾನ್ ಹಣ್ಣಿನ ತಟ್ಟೆ ಹಿಡಿದು ಬಂದಳು. ಭಾವನ ತಿಥಿ ಹತ್ತಿರ ಬಂತಲ್ಲ ಎಂದು ಕಣ್ಣೊರೆಸಿಕೊಂಡಳು.

“ಏನ್ ಮಾಡ್ತೀರ ಅಕ್ಕ, ಆ ಡೇಗು ಊರಿನ ಗಂಡ ಹೆಂಡ್ತಿಗೆ ಬರ್ಬೇಡಿ ಅಂದ್ಬಿಡಿ. ಬಿಲ್ಲೆ ಹೋದ್ರೆ ಹೋಗ್ಲಿ. ಗಂಡನಿಗಿಂತ ಹೆಚ್ಚಾ?”

ಡೇಗುವಿನಿಂದ ಬರುವವರು ಗಂಡ ಹೆಂಡತಿ ಎಂದು ಮಾಲ್‌ಸುನ್ ಯಾರಿಗೂ ಹೇಳಿರಲಿಲ್ಲ. ಡೇಗು ಯೊಂಗ್‌ರಾನ್‌ಳ ತವರು. ಈ ಪುಣ್ಯಾತ್ಗಿತ್ತಿ ಚಂದ್ರನ ಲೆಕ್ಕ ಹಾಕಿ ತನ್ನವರನ್ನೇ ಕಳಿಸುತ್ತಿದ್ದಾಳೆ ಎಂಬುದು ಅವಳಿಗೆ ಆಗ ತಿಳಿಯಿತು. ಬೇಡ ಎಂದರೆ ಬಿಲ್ಲೆ ಹೋಗುತ್ತದೆ, ಬನ್ನಿ ಎಂದರೆ ತಿಥಿ ತಪ್ಪುತ್ತದೆ. ಮಾಲ್‌ಸುನ್ ಒಂದು ಹೋಳು ಹಣ್ಣು ತಿಂದು, ಸಿಹಿಯಾಗಿದೆ ಕಣೆ ಎಂದಳು.

ಅವಳು ಅತ್ತ ಹೋದದ್ದೇ ತಡ, ಮಾಲ್‌ಸುನ್ ಮನೆತನದ ಹಿರಿಯರಾದ ದೊಡ್ಡಮಾವನಿಗೆ ಫೋನು ಹಚ್ಚಿದಳು. ಈ ಸಲದ ತಿಥಿ ತನ್ನ ಮನೆಯಲ್ಲೇ ಆಗಬೇಕೆಂದು ಯೊಂಗ್‌ರಾನ್ ಕಾಲು ಹಿಡಿದು ಕೇಳುತ್ತಿದ್ದಾಳೆ, ಅಂಥ ಭಕ್ತಿಗೆ ಹೇಗೆ ಬೇಡ ಎನ್ನಲಿ ಎಂದು ಅತ್ತಳು. ಮುದುಕರು ನಂಬಿದರು. ಅವರು ಅಂದೇ ನೆಂಟರಿಗೆಲ್ಲ ತಿಳಿಸಿ, ಯೊಂಗ್‌ರಾನ್‌ಳಿಗೂ ಫೋನು ಮಾಡಿ ಹರಸಿದರು. ಹಿರಿಯರು ಹರಸಿದ ಮೇಲೆ ಅದು ಸುಳ್ಳು ಎನ್ನುವ ಸೊಸೆ ಆ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ತಿಥಿಯ ದಿನ ಬರಲಿದ್ದ ಅತಿಥಿಗಳಿಗೆಲ್ಲ ಯೊಂಗ್‌ರಾನ್ ಬೇಡ ಎನ್ನಬೇಕಾಯಿತು. ಅವಳ ಬಿಲ್ಲೆ ಉದುರಿತು. ಇತ್ತ ಡೇಗುವಿನ ದಂಪತಿ ಬಂದಾಗ ಮಾಲ್‌ಸುನ್ ಬಾಗಿ ಬರಮಾಡಿಕೊಂಡಳು, ಅವರಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ತಿಥಿಯ ಸಂಜೆ ಅವಳು ಒಳ್ಳೆಯ ಬಟ್ಟೆ ಉಟ್ಟು, ನೆಂಟರ ಹಾಗೆ ಆಚೆ ಮನೆಗೆ ಹೋದಳು. ಯೊಂಗ್‌ರಾನ್ ಹೊಗೆಯಲ್ಲಿ ನಿಂತು ಉಪ್ಪು ಬಂಗುಡೆ ಸುಡುತ್ತಿದ್ದಳು, ಕೂದಲೆಲ್ಲ ಬೆವರಿಗೆ ಅಂಟಿತ್ತು. ಅದನ್ನು ನೋಡಿ ಮಾಲ್‌ಸುನ್‌ಳ ಹೊಟ್ಟೆ ತಣ್ಣಗಾಯಿತು. ಅದರ ಮೇಲೆ ದೊಡ್ಡಮಾವ, ಸತ್ತವರನ್ನು ಮನೆಯಿಂದ ಮನೆಗೆ ಅಲೆಸಬಾರದು, ಇನ್ನು ಮುಂದೆ ಎಲ್ಲ ಹಿರಿಯರ ತಿಥಿಯೂ ಇಲ್ಲೇ ಎಂದರು. ಸಾಯುವವರೆಗೂ ಹುರಿಯುತ್ತಿರು ಎಂದು ಮಾಲ್‌ಸುನ್ ಒಳಗೊಳಗೇ ಕುಣಿದಳು.

ಆಮೇಲೆ ಸತ್ತವನು ಬರಲೆಂದು ಯೊಂಗ್‌ರಾನ್‌ಳ ಹೆಬ್ಬಾಗಿಲನ್ನು ಅಗಲ ತೆರೆದರು. “ಬಾರಪ್ಪ ಗಿಬೋಕ್, ಒಳಗೆ ಬಾ,” ಎಂದು ದೊಡ್ಡಮಾವ ಕರೆದರು. ಬದುಕಿದ್ದಷ್ಟು ಕಾಲ ಅವನು ಒಳಹೊರಗೆ ಓಡಾಡಿದ ಬಾಗಿಲು ಗೋಡೆಯ ಆ ಬದಿಗೆ, ಮಾಲ್‌ಸುನ್‌ಳ ಮನೆಗಿತ್ತು. ಅತಿಥಿಗಳಿದ್ದಾರೆಂದು ಅದಕ್ಕೆ ಅವಳೇ ಚಿಲಕ ಹಾಕಿ ಬಂದಿದ್ದಳು.

ಯೊಂಗ್‌ರಾನ್ ಪೀಠದಿಂದ ಇಳಿಸಿದ ಅನ್ನ, ಸಾರು ತಂದು ಅವಳ ಮುಂದಿಟ್ಟಳು. ಅಡುಗೆಮನೆಗೆ ಹೋಗಲೆಂದು ಮಾಲ್‌ಸುನ್ ಎದ್ದರೆ, ಭುಜ ಹಿಡಿದು ಕೂರಿಸಿದಳು.

“ಕೂತ್ಕೊಳ್ಳಿ ಅಕ್ಕ. ಭಾವನ ಹೊಟ್ಟೆ ಇನ್ಮೇಲೆ ನಾನು ನೋಡ್ಕೋತೀನಿ. ನೀವು ನಿಮ್ಮ ಅತಿಥಿಗಳನ್ನ ನೋಡ್ಕೊಳ್ಳಿ.”

ಮಾಲ್‌ಸುನ್ ಸಾರಿನ ಬಟ್ಟಲನ್ನು ಹಾಗೇ ಕೆಳಗಿಟ್ಟಳು. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಡೇಗುವಿನವರಿಗೆ ಬಿಸಿನೀರು ಬೇಕಂತೆ. ತಕ್ಷಣ ಉತ್ತರ ಕೊಡದೆ ವಿಧಿಯಿಲ್ಲ. ಅವಳು ಮನೆಗೆ ಬಂದು, ನೀರು ಕಾಯಿಸಿ, ದೊಡ್ಡ ಕೋಣೆಯ ಬಾಗಿಲು ಸರಿಸಿದಳು. ಪ್ರತಿವರ್ಷ ಗಿಬೋಕ್‌ನ ಪೀಠ ಇಡುತ್ತಿದ್ದ ಗೋಡೆಯ ಕಡೆ ಅವರ ಸೂಟ್‌ಕೇಸ್ ಬಾಯ್ತೆರೆದು ಬಿದ್ದಿತ್ತು, ಮೇಲೆ ಒಣಗಲು ಹಾಕಿದ ಕಾಲುಚೀಲ. ಇನ್ನೇನಾದರೂ ಬೇಕಾ ಎಂದು ಮಾಲ್‌ಸುನ್ ನಗುನಗುತ್ತಲೇ ಕೇಳಿದಳು.